ಒಂದು ಡಾಲರಿನ ವಾರ

ಆರಿನ್ ಸ್ಟಾಡ್ಲರ್ ಅದನ್ನು ಮಾರಿದ್ದು ಒಂದು ಡಾಲರಿಗೆ.
ಕೊಂಡಿದ್ದು ಹದಿನಾಲ್ಕು ಸಾವಿರಕ್ಕಂತೆ, ತೊಂಬತ್ತೆಂಟರಲ್ಲಿ,
ಪುಕ್ಕಟೆ ತಿಂಡಿಯ ಆಸೆಗೆ ಹೋಗಿ
ನಾಲ್ಕು ಗಂಟೆ ಮಾತು ಕೇಳಿ, ಕೊನೆಗೆ
ಎದ್ದು ಬರಲು ಸಹಿಯೊಂದೇ ದಾರಿ ಉಳಿದು.
‘ಮೊಟ್ಟೆ ಕೂಡ ತಣ್ಣಗಿತ್ತು’ ಅಂದ.

ವರ್ನಾ ಡಾಲರು ಕೊಟ್ಟಳು.
ನೋಟು ಮಡಚಿ ಅಂಗಿಯ ಜೇಬಿಗಿಟ್ಟು
ಎರಡು ಸಲ ತಟ್ಟಿಕೊಂಡ,
ಜೈಲಿನಿಂದ ಬಿಟ್ಟ ಚೀಟಿಯೋ ಎಂಬಂತೆ.
ಬಾಗಿಲವರೆಗೆ ಬಂದು ಹೇಳಿದ:
‘ಇನ್ನೂರ ಹದಿನಾಲ್ಕರ ಕಿಟಕಿ ಕಚ್ಚಿಕೊಳ್ಳುತ್ತೆ.
ಕೆಳಗಿನ ಮೂಲೆಗೆ ಮೊಣಕಾಲು ಕೊಡು.’

ಕೊಂಡದ್ದಾದರೂ ಏನು?
ಗೋಡೆಯಲ್ಲ, ಸೂರಲ್ಲ,
ಮಿಷಿಗನ್ ಸರೋವರದ ದಡದ ಒಂದು ಕೋಣೆಯ
ಐವತ್ತೆರಡು ಪಾಲು ವರ್ಷದಲ್ಲಿ ಒಂದು ಪಾಲು.
ಅದೂ ಕರಗಿ ಅಂಕಗಳಾಗಿ,
ಅರವತ್ತೊಂದು ಸಾವಿರದ ಇನ್ನೂರು.

ಆನೆ ಅಗ್ಗ, ಮೇವು ದುಬಾರಿ.
ವರ್ಷಕ್ಕೆ ಆರುನೂರ ಹನ್ನೆರಡು ಡಾಲರು ನಿರ್ವಹಣೆಗೆ.
ನೀನು ಹೋಗು, ಬಿಡು,
ಅಲ್ಲಿ ಯಾರೋ ಈಜುಕೊಳದ ಎಲೆ ತೆಗೆಯುತ್ತಲೇ ಇರಬೇಕಲ್ಲ.
ಅಂದರೆ ಅಂಕಕ್ಕೊಂದು ಸೆಂಟು.
ಟೊಲೀಡೊದ ಅಡುಗೆಮನೆಯಲ್ಲಿ, ಗ್ಯಾಸ್ ಬಿಲ್ಲಿನ ಲಕೋಟೆಯ ಬೆನ್ನಿಗೆ
ಭಾಗಿಸಿ, ಮತ್ತೆ ಭಾಗಿಸಿ ಕಂಡುಕೊಂಡಳು.
ಇಪ್ಪತ್ತಾರು ವರ್ಷ ಶಾಲಾ ಬಸ್ಸು ಓಡಿಸಿದ ಕೈ,
ಯಾವ ತಿರುವು ಎಷ್ಟು ಡೀಸೆಲ್ ಕುಡಿಯುತ್ತದೆಂದು ಬಲ್ಲದು.

ತೊಡಕು ಇಷ್ಟೇ:
ಮಕ್ಕಳಿಗೆ ರಜೆ ಬಂದರೆ ಅವಳಿಗೂ ರಜೆ,
ಅವಳಿಗೆ ರಜೆ ಬಂದರೆ ಲೋಕಕ್ಕೆಲ್ಲ ರಜೆ.
ಪಟ್ಟಿಯಲ್ಲಿ ಜುಲೈಗೆ ಕೆಂಪು ಬಣ್ಣ,
ಕಡಲ ಬದಿಯ ಎರಡು ಕೋಣೆಗೆ
ಒಂದು ಲಕ್ಷ ಹದಿನೈದು ಸಾವಿರ.
ಅದಲು ಬದಲಿನ ಶುಲ್ಕ ಬೇರೆ.

ಒಂದು ವರ್ಷ ಎಲ್ಲಿಗೂ ಹೋಗದೆ ಕೂಡಿಟ್ಟಳು,
ತೆನೆ ತೆನೆ ಕೂಡಿದರೆ ಬಳ್ಳ.
ಮರುವರ್ಷ ಕ್ಯಾರೊಲೈನಾದ ಮರಳು,
ತಂಗಿ ನಡೀನ್, ಅವಳ ಮೂವರು ಮಕ್ಕಳು,
ಲಿಫ್ಟಿಗೆ ಸಾಲು, ದೋಸೆಹೆಂಚಿನಂಥ ಬಿಸಿಲು, ಸುಲಿದ ಭುಜಗಳು,
‘ಬಸ್ಸಿನಲ್ಲಿ ಕೂರಿ!’ ಎಂದು ಎರಡು ಸಲ
ಕಡಲಿಗೆ ಬೆನ್ನು ಮಾಡಿ ಕೂಗಿದಳು.
ಎರಡು ವರ್ಷ ಏಳೇ ದಿನಕ್ಕೆ ಖರ್ಚಾಯಿತು.
ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಅನ್ನುವಂತಿರಲಿಲ್ಲ.

ಉಳಿಕೆ: ಏಳು ಸಾವಿರದ ನಾನೂರು.
ಡಿಸೆಂಬರ್ ಮೂವತ್ತೊಂದಕ್ಕೆ ಅದೂ ಅಳಿಸಿಹೋಗುತ್ತದೆ,
ಪಾತ್ರೆಯ ತಳದ ಸಾರಿನಂತೆ, ಚೆಲ್ಲಲೂ ಮನಸ್ಸಿಲ್ಲ,
ಬಡಿಸಲೂ ಸಾಲದು.

ಆಗ ಹೊಳೆಯಿತು.
ನವೆಂಬರಿನ ಕೊನೆಯ ಗುರುವಾರ
ದೇಶವೆಲ್ಲ ಮನೆಯಲ್ಲೇ ಟರ್ಕಿ ಕೊಯ್ಯುತ್ತ ಕೂತಿರುತ್ತದೆ.
ಸರೋವರದ ಬದಿಯ ಕೋಣೆಗಳು ಯಾರಿಗೂ ಬೇಡ.
ಯಾರಿಗೂ ಬೇಡದ್ದಕ್ಕೆ ಬೇರೆಯೇ ದರ:
ಮೂರು ರಾತ್ರಿಗೆ ಏಳು ಸಾವಿರ.

‘ಇನ್ನೂರ ಹದಿನಾಲ್ಕು ಸಿಗುತ್ತದೆಯೇ?’
‘ಯಾವುದು ಬೇಕಾದರೂ ತಗೊಳ್ಳಿ ಮೇಡಂ,’ ಅಂದ ಹುಡುಗ,
ಗೋಡೆಯ ತುಂಬ ನೇತಾಡುತ್ತಿದ್ದ ಬೀಗದ ಕೈಗಳನ್ನು ತೋರಿಸಿ.

ಮೊಣಕಾಲು ಕೊಟ್ಟಳು.
ಕಿಟಕಿ ನರಳಿ, ತೆರೆದು,
ಇಡೀ ಸರೋವರದ ಚಳಿ ಒಮ್ಮೆಗೇ ಒಳಗೆ.
ಆರಿನ್‌ಗೆ ಫೋನು ಮಾಡಿದಳು. ‘ತೆಗೆಯಿತು.’
ಅವನು ಸ್ವಲ್ಪ ಹೊತ್ತು ಬಿಟ್ಟು,
‘ಕೆಂಪು ಕೆಟಲ್ ಇದೆಯಾ? ಹೆಲ್ಗಾಗೆ ಅದು ಇಷ್ಟ.’
‘ಇದೆ. ಆದರೆ ಬಿಳಿ.’
‘ಹಾಗಾದರೆ ಬದಲಾಯಿಸಿದ್ದಾರೆ.
ಆರುನೂರ ಹನ್ನೆರಡು ಅದಕ್ಕೇ ಹೋಗುವುದು ನೋಡು,’
ಎಂದು ನಕ್ಕ, ಕೆಮ್ಮಿದ, ಇಟ್ಟುಬಿಟ್ಟ.

ಇನ್ನು ನಾನೂರು ಅಂಕ.
ಯಾವ ಬಾಗಿಲೂ ತೆರೆಯದ ಚಿಲ್ಲರೆ.

ಬೆಳಗಿನ ನಾಲ್ಕೂ ಮುಕ್ಕಾಲಿಗೆ ಎಚ್ಚರವಾಯಿತು, ರೂಢಿ.
ಕಾಲು ಬ್ರೇಕು ಹುಡುಕಿತು.
ಬಸ್ಸಿಲ್ಲ, ಹಿಮದ ದಾರಿಯಿಲ್ಲ, ಎಣಿಸಬೇಕಾದ ತಲೆಗಳಿಲ್ಲ.
ಮತ್ತೆ ಹೊದ್ದು ಮಲಗಿ,
ಆ ಮೂಲೆಯಿಂದ ಈ ಮೂಲೆಗೆ,
ಹಾಸಿಗೆ ಇದ್ದಷ್ಟೂ ಕಾಲು ಚಾಚಿದಳು.