ಹೌದು ಎಂದು ಪೂರ್ತಿ ಬರೆ

ಮೊದಲ ದಿನವೇ ಕೇಳಿದಳು ಅಫ್ರೋಜ:
ಸರ್ವಮಂಗಳಕ್ಕ, ಇದರಿಂದ ಆಚೆ ಬರೋದು ಹೇಗೆ?
ಎಲ್ಲರೂ ಮೊದಲು ಕೇಳುವುದು ಅದನ್ನೇ.
ಒಳಗೆ ಹೋಗೋದು ಹೇಗೆ ಅಂತ
ಇಪ್ಪತ್ತು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಅರಸೀಕೆರೆ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಕೊಬ್ಬರಿ ಮಂಡಿಯ ಗೋಡೆಗೆ ಒರಗಿದ ಎಂಟಡಿ ಅಂಗಡಿ.
ಒಂದು ಪ್ರಿಂಟರು, ಎರಡು ಸ್ಟೂಲು,
ಗೂಡ್ಸ್ ರೈಲು ಹೊರಟರೆ ಅದುರುವ ಪರದೆ.
ಪರದೆಯಲ್ಲಿ ಗುಂಡಿಯಿಲ್ಲ, ಚಿತ್ರವಿಲ್ಲ,
ಬರೀ ಬರಹ, ಅದರ ತುದಿಗೊಂದು ಮಿಣುಕುವ ಚೌಕ.
ಕೆಟ್ಟೋಗಿದೆಯಾ ಅಕ್ಕ?
ಇಲ್ಲ ಕಣೇ, ಕಾಯ್ತಾ ಇದೆ.

ಸಿಕ್ಕಿಹಾಕಿಕೊಂಡರೆ?
ಕಂಟ್ರೋಲ್ ಹಿಡಿದು ಜಿ ಒತ್ತು. ಮೂರು ಸಲ ಒತ್ತು.
ಆಮೇಲೆ ಉಸಿರು ಬಿಡು.
ತಪ್ಪಾದರೆ?
ಹಿಂದಕ್ಕೆ ಹೋಗು. ಇನ್ನೂ ಹಿಂದಕ್ಕೆ.
ಹಿಂದಕ್ಕೆ ಹೋದದ್ದೇ ತಪ್ಪಾದರೆ?
ಅದನ್ನೂ ಹಿಂದೆಗೆಯಬಹುದು.
ಎದುರಿನ ಕಚೇರಿಯಲ್ಲಿ ಮಾತ್ರ, ಹೆಬ್ಬೆಟ್ಟು ಒತ್ತಿದ ಮೇಲೆ,
ಆ ಕೀ ಇಲ್ಲ.

ಪ್ರತಿ ಫೈಲಿನ ಪಕ್ಕದಲ್ಲೂ ಬಾಲ ಇರೋ ಇನ್ನೊಂದು ಯಾಕೆ?
ಅದು ನಿನ್ನೆಯದು. ಇವತ್ತಿನದು ಕೆಟ್ಟರೆ ಇರಲಿ ಅಂತ
ತಾನೇ ಎತ್ತಿಟ್ಟುಕೊಂಡದ್ದು. ಅಳಿಸಬೇಡ.

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಲಾಜರಸ್ ಮಾಸ್ತರು
ಒಂದು ಸಿಡಿಯಲ್ಲಿ ಇದನ್ನು ತಂದುಕೊಟ್ಟಾಗ ಹೇಳಿದ್ದರು:
ನಿನಗೆ ಬೇಕಾದ ಹಾಗೆ ಬದಲಿಸಿಕೋ,
ಯಾಕೆ ಬದಲಿಸಿದೆ ಅಂತ ಪಕ್ಕದಲ್ಲೇ ಬರೆದಿಡು.
ಎರಡು ಅರ್ಧವಿರಾಮ ಹಾಕಿ ಬರೆದದ್ದನ್ನು
ಯಂತ್ರ ಓದುವುದಿಲ್ಲ.
ಆರು ತಿಂಗಳು ಬಿಟ್ಟು ನೀನು ಓದ್ತೀಯ,
ಅಷ್ಟೊತ್ತಿಗೆ ನೀನೇ ಬೇರೆಯವಳು.

ಅಫ್ರೋಜಳ ಬೆರಳು ನನ್ನದಕ್ಕಿಂತ ಚುರುಕು.
ಚಬಂ ಎಂದೊತ್ತಿ ಸ್ಪೇಸ್ ಕೊಟ್ಟರೆ
ಚಕ್ಕುಬಂದಿ ಬಿಚ್ಚಿಕೊಳ್ಳುತ್ತದೆ:
ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ,
ನಾಲ್ಕು ಖಾಲಿ ಜಾಗ, ತುಂಬಿದರೆ ಒಂದು ಹೊಲ.
ಒಂದೇ ವಾರಕ್ಕೆ ಅವಳಿಗೆ ಎಲ್ಲಾ ಬಾಯಿಪಾಠ,
ಒಂದು ಬಿಟ್ಟು.

ಸ್ವಸಂ ಎಂದೊತ್ತಿದರೆ ಬರಬೇಕಾದದ್ದು:
ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ
ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ.
ಬರುವುದಿಲ್ಲ.
ಪರದೆಯ ತಳದಲ್ಲಿ ಒಂದು ಸಾಲು ಏಳುತ್ತದೆ:
ಕೇಳಿದೆಯಾ? ಹೌದು ಎಂದು ಪೂರ್ತಿ ಬರೆ.
ಹೂಂ ಅಂದರೆ ಒಪ್ಪದು. ಹೌ ಅಂದರೂ ಒಪ್ಪದು.
ಎಲ್ಲರೂ ಈ ಪ್ರಶ್ನೆಯನ್ನು ಮೊಟಕು ಮಾಡ್ಕೋತಾರಂತೆ ಅಕ್ಕ,
ಒಂದಕ್ಷರ ಸಾಕು ಅಂತ.
ನೀವ್ಯಾಕೆ ಉದ್ದ ಮಾಡಿದ್ದೀರಿ?

ಫೈಲು ತೆರೆದು ತೋರಿಸಿದೆ.
ಎರಡು ಅರ್ಧವಿರಾಮದ ಮುಂದೆ:
ಗಂಗಹನುಮಕ್ಕ. ಆಷಾಢದ ಮಧ್ಯಾಹ್ನ.

ಇರುವುದೇ ಎರಡು ಸ್ಟೂಲು. ಒಂದರಲ್ಲಿ ನಾನು,
ಇನ್ನೊಂದರಲ್ಲಿ ಹಿರಿಯ ತಮ್ಮ, ಅವನ ಬೆನ್ನಿಗೆ ಇನ್ನಿಬ್ಬರು.
ಅಕ್ಕ ಹೊರಗೆ, ಮಂಡಿಯ ಬಿಸಿಲಲ್ಲಿ, ಕೊಬ್ಬರಿ ಚೀಲಕ್ಕೆ ಕೈಯೂರಿ.
ನಾನು ಒತ್ತಿದೆ. ಪ್ರಿಂಟರು ಉಗುಳಿತು.
ಅವಳು ಹೊಸ್ತಿಲು ದಾಟುವ ಮೊದಲೇ
ಅವಳ ಸಂತೋಷ ಬೆಚ್ಚಗೆ ನನ್ನ ಕೈಯಲ್ಲಿತ್ತು.
ಓದಿ ಹೇಳಿದೆ.
ಅದ್ಯಾರ ಸಂತೋಸ ಕಣವ್ವ, ಅಂದಳು.
ತಮ್ಮಂದಿರು ನಕ್ಕರು.
ನಾನೂ ನಕ್ಕೆ.

ಅವಳಿಗೆ ಇನ್ನೇನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.
ಸಂಜೆ ಕರೆಂಟು ಬರುವವರೆಗೆ ಕೂತು
ಮೂರು ಸಾಲಿನ ಪ್ರೋಗ್ರಾಂ ಬರೆಯಲು
ನನಗೆ ಹಿಡಿದದ್ದು ಎರಡು ರಾತ್ರಿ.
ಆವರಣ ಚಿಹ್ನೆಗಳು ಎಲ್ಲೋ ಮುಚ್ಚಿಕೊಳ್ಳುತ್ತಿರಲಿಲ್ಲ.

ಇವತ್ತು ಅಫ್ರೋಜಳ ಪಾಳಿ.
ಬಾಣಾವರದ ಕಡೆಯವರು, ನಾಲ್ಕು ಗಂಟೆಯ ಟೋಕನ್,
ಸಾಕ್ಷಿಗಳು ಆಗಲೇ ಟೀ ಕುಡಿದು ಬಂದಿದ್ದಾರೆ.
ಚಕ್ಕುಬಂದಿ ಆಯಿತು, ಸರ್ವೆ ನಂಬರು ಆಯಿತು.
ಆಮೇಲೆ ಕೀಗಳ ಸದ್ದು ನಿಂತಿತು.
ಏನಮ್ಮಾ, ಮಿಷನ್ನು ಕೆಟ್ಟೋಯ್ತಾ?
ಇಲ್ಲ ಅಣ್ಣ, ಕಾಯ್ತಾ ಇದೆ.

ಎದ್ದಳು.
ತಾನು ಕೂತಿದ್ದ ಸ್ಟೂಲನ್ನೇ ಎತ್ತಿಕೊಂಡು
ಹೊರಗಿನ ಬಿಸಿಲಿಗೆ ಹೋದಳು.