ತೇಪೆ

ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ರಾತ್ರಿ ಎರಡೂ ಕಾಲು.
ಹರಾಜು ಏಳಕ್ಕೆ.
ಐಸಿನ ಪೆಟ್ಟಿಗೆಗಳು ಆಗಲೇ ಸಾಲುಗಟ್ಟಿವೆ,
ಹ್ಯಾಡಕ್, ಕಾಡ್, ಬಾಯಿ ತೆರೆದ ಮಾಂಕ್‌ಫಿಶ್,
ಯಾರೋ ಏನೋ ಕೇಳಿದ್ದಕ್ಕೆ ಉತ್ತರ ಮರೆತವರ ಹಾಗೆ.
ಮಹಡಿಯ ಕೋಣೆಯಲ್ಲಿ, ಎರಡು ಸ್ವೆಟರಿನೊಳಗೆ ನಾನು,
ಎದುರಿಗೆ ತಕ್ಕಡಿಗಳ ಲೆಕ್ಕ ಇಡುವ ಸರ್ವರು,
ಅದಕ್ಕೆ ಹೊಸ ಕರ್ನಲ್ಲು ಇಳಿಯುತ್ತಿದೆ. ನೂರಕ್ಕೆ ಅರವತ್ತೆಂಟು.

ಕಂಪನಿಯ ಕಾಗದದಲ್ಲಿ ಬರೆದಿದೆ:
ಹತ್ತು ವರ್ಷ ಅಲುಗದು.
ನಂಬರು ಅದೇ, ನಡೆ ಅದೇ,
ನಿಮ್ಮ ಹಳೆಯ ಡ್ರೈವರು ಹೊಸದರಲ್ಲೂ ಹಾಗೇ ಕೂರುತ್ತದೆ
ಮಗ್ಗುಲು ಬದಲಿಸಿದ್ದೂ ತಿಳಿಯದಂತೆ.
ಹಾವೂ ಸಾಯುತ್ತದಂತೆ, ಕೋಲೂ ಮುರಿಯದಂತೆ.

ನಂಬರು ಅದೇ, ನಿಜ.
ಎಂಟು ವರ್ಷ ಹಿಂದಿನ ಹೆಸರೇ ಹೊರಗೆ.
ಒಳಗೆ, ಆಮೇಲಿನ ವರ್ಷಗಳಿಂದ ಕತ್ತರಿಸಿ ತಂದ ತುಂಡುಗಳನ್ನು
ಹಿಂದಕ್ಕೆ ಹೊಲಿದಿದ್ದಾರೆ.
ನಮ್ಮ ಕಡೆ ಕೌದಿ ಹೊಲಿಯುವ ಹೆಂಗಸರು
ಯಾವ ತುಂಡು ಯಾರ ಸೀರೆಯದೆಂದು ಹೇಳಬಲ್ಲರು;
ಇಲ್ಲಿ ಒಂಬತ್ತು ಸಾವಿರ ತೇಪೆ,
ಮೂಲ ಬಟ್ಟೆ ಎಲ್ಲಿ ಅಂತ ಕೇಳಿದರೆ
ಟಿಕೆಟ್ಟಿನ ನಂಬರು ಕೊಟ್ಟು ಕೂರಿಸುತ್ತಾರೆ.

ನನಗಿಂತ ಮುಂಚೆ ಇದನ್ನು ನೋಡಿಕೊಂಡವನು ರಾಡ್ನಿ ಪಾಸ್ಕ್.
ಅಪ್‌ಡೇಟಿನ ಗೊಡವೆಗೆ ಹೋದವನಲ್ಲ.
ಸಾವಿರದ ನೂರ ಹದಿನಾಲ್ಕು ದಿನ ಆರಿಲ್ಲ ಅಂತ
ಗೋಡೆಗೆ ಚೀಟಿ ಅಂಟಿಸಿದ್ದ, ನಂದಾದೀಪ ಕಾದವನ ಹೆಮ್ಮೆಯಲ್ಲಿ.
ಬೀಗವಿಲ್ಲದ ಬಾಗಿಲಿಗೆ ಕಳ್ಳ ಬರಲಿಲ್ಲವೆಂದರೆ
ಬಾಗಿಲು ಗಟ್ಟಿ ಅಂತಲೋ, ಓಣಿ ಒಳ್ಳೆಯದು ಅಂತಲೋ?
ಕೇಳಿದ್ದೆ. ಆತ ನಕ್ಕು
ಚಹಾಕ್ಕೆ ಮೂರನೆಯ ಚಮಚ ಸಕ್ಕರೆ ಹಾಕಿಕೊಂಡ.

ಎರಡು ನಲವತ್ತು. ರೀಬೂಟ್.
ಪರದೆ ಕಪ್ಪು.
ಈ ಕಪ್ಪಿಗೆ ಯಾವ ಕಾಗದದಲ್ಲೂ ಖಾತರಿ ಇಲ್ಲ.
ಫ್ಯಾನು ಒಮ್ಮೆ ಚೀರಿ ಸುಮ್ಮನಾಗುತ್ತದೆ.
ಬೆರಳು ಮಡಚಿ ಎಣಿಸುತ್ತೇನೆ, ಕನ್ನಡದಲ್ಲಿ,
ಲೆಕ್ಕ, ಬೈಗುಳ ಎರಡೇ ಉಳಿದಿರುವ ಕನ್ನಡದಲ್ಲಿ.
ನೂರ ಹದಿನೇಳಕ್ಕೆ ಅಕ್ಷರ ಸುರಿಯತೊಡಗುತ್ತದೆ.
ಸರಿ. ಸರಿ. ಸರಿ. ಎಲ್ಲ ಹಸಿರು.

ಆರೂವರೆಗೆ ಮೇವಿಸ್ ಕಾರ್ಟ್‌ಲೆಜ್ ಬಂದಳು,
ಮೂವತ್ತೊಂದು ವರ್ಷದಿಂದ ತೂಕದವಳು,
ಮೊಣಕೈತನಕ ಕೆಂಪು.
ಪೆಟ್ಟಿಗೆ ಎತ್ತಿ ತಕ್ಕಡಿಗಿಡುತ್ತಾಳೆ,
ಅಂಕಿ ಮೂಡುತ್ತದೆ, ಮುಂದಿನದು.
ಒಂದು ಪೆಟ್ಟಿಗೆಗೆ ನಿಂತಳು.
"ಇದು ಹಿಂದಿನದರ ತೂಕ" ಅಂದಳು.
ಪರದೆ ನಲವತ್ತೆರಡೂವರೆ ಕಿಲೊ ಅನ್ನುತ್ತಿತ್ತು.
ಅವಳ ತೋಳು ಮೂವತ್ತೆಂಟು ಅಂದಿತ್ತು.

ತೆಗೆದು ಮತ್ತೆ ಇಟ್ಟೆವು. ಮೂವತ್ತೆಂಟೂ ಕಾಲು.
ಲಾಗಿನಲ್ಲಿ ದೂರಿಲ್ಲ, ಕರ್ನಲ್ಲು ಒಮ್ಮೆಯೂ ಕೆಮ್ಮಿಲ್ಲ.
ಹಳೆಯ ಡ್ರೈವರು ಹಾಗೇ ಕೂತಿತ್ತು, ಕಾಗದದಲ್ಲಿ ಹೇಳಿದಂತೆಯೇ;
ಮುನ್ನೂರಕ್ಕೊಮ್ಮೆ ಮಾತ್ರ
ಈಗ ಕೇಳಿದ್ದಕ್ಕೆ ಆಗಿನ ಉತ್ತರ ಕೊಡುತ್ತಿತ್ತು,
ಕಿವಿ ಮಂದವಾದ ಮಾವನ ಹಾಗೆ, ಅಷ್ಟೇ ಖಚಿತವಾಗಿ.

ಸುಳ್ಳು ಅನ್ನಲೇ?
ಬೀಳುವುದಿಲ್ಲ ಅಂದಿದ್ದರು, ಬೀಳಲಿಲ್ಲ.
ತಪ್ಪುವುದಿಲ್ಲ ಅಂತ ಎಲ್ಲೂ ಬರೆದಿರಲಿಲ್ಲ,
ನಾನೇ ಓದಿಕೊಂಡಿದ್ದೆ.

ಆರು ಐವತ್ತು. ಕೆಳಗೆ ಕೊಳ್ಳುವವರ ಕೆಮ್ಮು, ಹೆಜ್ಜೆ.
ಬೂಟ್ ಪಟ್ಟಿಯಲ್ಲಿ ಹೊಸದರ ಕೆಳಗೆ
ಹಳೆಯದನ್ನು ಅಳಿಸದೆ ಬಿಟ್ಟಿರುತ್ತಾರೆ.
ತಮ್ಮ ಮಾತಿನ ಮೇಲೆ ತಮಗೇ ಇರುವ ಆ ಸಣ್ಣ ಅನುಮಾನ,
ಇಡೀ ಕಂಪನಿಯಲ್ಲಿ ನಾನು ನಂಬುವುದು ಅದೊಂದನ್ನೇ.
ಕೆಳಬಾಣ, ಒಮ್ಮೆ. ಎಂಟರ್.

ಮತ್ತೆ ಕಪ್ಪು. ಒಂದು, ಎರಡು, ಮೂರು.
ಹರಾಜು ಹನ್ನೆರಡು ನಿಮಿಷ ತಡ.
ಮೇವಿಸ್ ಕಾಯಲಿಲ್ಲ;
ಪೆಟ್ಟಿಗೆ ಎತ್ತಿ, ಒಂದು ಕ್ಷಣ ಗಾಳಿಯಲ್ಲಿ ಹಿಡಿದು,
ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು
ಅಂಕಿ ಬರೆಯುತ್ತ ಹೋದಳು.
ಆಮೇಲೆ ತಾಳೆ ನೋಡಿದೆ:
ಹತ್ತೊಂಬತ್ತರಲ್ಲಿ ಎರಡು ತಪ್ಪಿದ್ದವು.
ಹೇಳಲಿಲ್ಲ.