ಗೈರುಹಾಜರಿ, ನಾಲ್ಕು ದಿನ

ಅಲ್ ಐನ್‌ನ ಒಂಟೆಸಂತೆಗೆ ನಾವು ಹೋಗುವುದು
ಬೆಳಗಿನ ಐದಕ್ಕೆ, ಐಸು ತುಂಬಿದ ಡಬ್ಬಿ ಹಿಡಿದು.
ಒಂಟೆಯ ಮೂಗಿಗೆ ಹತ್ತಿಕಡ್ಡಿ,
ಕಾಯುವವನ ತೋಳಿಗೆ ಸೂಜಿ.
ಒಂಟೆ ಉಗುಳುತ್ತದೆ. ಮನುಷ್ಯ ಸಹಿ ಹಾಕುತ್ತಾನೆ.

ಇಪ್ಪತ್ತೇಳನೆಯವನು ಇದ್ರೀಸ್, ಸುಡಾನಿನ ಕಸ್ಸಲಾದವನು.
ಒಪ್ಪಿಗೆಪತ್ರದ ಆರೂ ಪುಟ ಲುಬ್ನಾ ಓದಿ ಮುಗಿಸಿದ ಮೇಲೆ
ಅವನು ಕೇಳಿದ್ದು ಒಂದೇ:
ಇಷ್ಟು ರಕ್ತ ಕೊಟ್ಟರೆ ಮಧ್ಯಾಹ್ನ ಮೇವು ಹೊರಲು ಆಗುತ್ತದಾ?

ಅವನ ಕಾಲಿಗೆ ಒರಗಿ ನಿಂತ ಕರುವಿನ ಕೊರಳಲ್ಲಿ ನೀಲಿ ಮಣಿ.
ಯಾಕೆ ಅಂದರೆ, ‘ಐನ್’ ಅಂದ.
ಐನ್ ಅಂದರೆ ಕಣ್ಣು, ಐನ್ ಅಂದರೆ ಒರತೆ, ಈ ಊರು,
ತಗಲುವ ಕಣ್ಣೂ ಐನೇ ಎಂದು ಲುಬ್ನಾ ಬಿಡಿಸಿ ಹೇಳಿದಳು.
ನಮ್ಮಲ್ಲಿ ಅದು ದೃಷ್ಟಿ,
ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುತ್ತೇವೆ
ಅನ್ನಬೇಕೆನಿಸಿತು. ನನ್ನ ಅರಬಿ ಅಷ್ಟು ದೂರ ನಡೆಯುವುದಿಲ್ಲ.

ಹೊರಗೆ ನಲವತ್ತಾರು ಡಿಗ್ರಿ. ಪ್ರಯೋಗಾಲಯದಲ್ಲಿ ಸ್ವೆಟರು.
ನೆತ್ತರನ್ನು ಗರಗರ ತಿರುಗಿಸಿ, ಕೆಂಪನ್ನು ತಳಕ್ಕಿಳಿಸಿ,
ನಡುವೆ ತೇಲುವ ಕೆನೆಯಂಥ ಪದರವನ್ನಷ್ಟೇ ಹೀರಿ
ತಟ್ಟೆಯ ಬಾವಿಗಳಿಗೆ ಬಿಡುತ್ತೇನೆ.
ಅಂಗೈಯಗಲದ ತಟ್ಟೆ, ತೊಂಬತ್ತಾರು ಬಾವಿ.
ಬಾವಿಗೊಂದು ಚೂರು ವೈರಸ್ಸು.
ಇಡಿಯಾಗಿ ಅಲ್ಲ, ಮುಳ್ಳಿನದೊಂದು ಮೊನೆ ಅಷ್ಟೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಬಾವಿಕಟ್ಟೆಯ ಮೇಲೆ ಕೂತ ಮುದಿ ಟಿ-ಕೋಶಕ್ಕೆ ಅದು ಗೊತ್ತು.
ಮುಖ ಬೇಡ, ಹೆಸರು ಬೇಡ,
ಸೆರಗಿನ ಅಂಚು ಕಂಡರೂ ಸಾಕು,
ನೀನಾ, ಮತ್ತೆ ಬಂದೆಯಾ ಎಂದು ಕೂಗಿ
ಕೂತಲ್ಲೇ ಒಂದು ಕಲೆ ಉಳಿಸುತ್ತದೆ.

ಎರಡು ದಿನ ಕಾದು, ತೊಳೆದು, ಬಣ್ಣ ಕೊಟ್ಟು ನೋಡಿದರೆ
ಇಪ್ಪತ್ತೇಳನೆಯವನ ಸಾಲು ಪೂರಾ ಕಡುನೇರಳೆ ಬೊಟ್ಟು.
ಯಾರೋ ಕೂತು ಕಾಡಿಗೆ ಇಟ್ಟ ಹಾಗೆ.
ಎಣಿಸಿದೆ. ಯಂತ್ರವೂ ಎಣಿಸಿತು, ನನಗಿಂತ ಹನ್ನೊಂದು ಹೆಚ್ಚು.
ಪ್ರಶ್ನಾವಳಿ ತೆಗೆದೆ:
ಕಳೆದ ಎರಡು ವರ್ಷದಲ್ಲಿ ಜ್ವರ? ಇಲ್ಲ.
ಕೆಮ್ಮು? ಇಲ್ಲ.

ಫಲಿತಾಂಶ ತಿಳಿಸಿ ಎಂಬಲ್ಲಿ ಅವನು ಗೀಟು ಹಾಕಿದ್ದ.
ಹೋದೆವು. ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ, ಹೋದ ಚಳಿಗಾಲದ ಹಿಂದಿನದರಲ್ಲಿ, ಅಂದ,
ತಾಯಿ ಸತ್ತ ಕರುವೊಂದಿತ್ತು, ಮೂಗು ಸೋರುತ್ತಿತ್ತು,
ಅದಕ್ಕೆ ಬೆಚ್ಚಗಾಗಲೆಂದು ಮಗ್ಗುಲಲ್ಲೇ ಮಲಗಿದೆ.
ಆಮೇಲೆ ನಾಲ್ಕು ದಿನ ನನಗೆ ಏಳಲಾಗಲಿಲ್ಲ.
ಆಸ್ಪತ್ರೆಗೆ ಹೋದರೆ ತಾನೇ ಜ್ವರ? ಇದು ಬರೀ ಮಲಗಿದ್ದು.
ಮೇಸ್ತ್ರಿ ಪುಸ್ತಕದಲ್ಲಿ ಬರೆದ: ಗೈರು, ನಾಲ್ಕು ದಿನ.
ಸಂಬಳ ಮುರಿದರು.

ಲುಬ್ನಾ ಇದನ್ನು ನನಗೆ ದಾಟಿಸುತ್ತಿದ್ದಾಗಲೇ
ಅವನು ಇನ್ನೊಂದು ಕೇಳಿದ:
ನಿಮ್ಮ ಈ ಕಾಗದ ತೋರಿಸಿದರೆ ಆ ದುಡ್ಡು ಬರುತ್ತದಾ?

ನಾನು ಹೇಳಿದೆ, ಅವಳು ಹೇಳಿದಳು, ಬೇರೆ ಮಾತಲ್ಲಿ ಮತ್ತೆ ಹೇಳಿದಳು:
ನೆತ್ತರಿಗೆ ಗುರುತಿದೆ,
ತಾರೀಖಿಲ್ಲ.

ಹೂಂ ಎಂದು ತಲೆಯಾಡಿಸಿದ.
ಕರುವಿನ ಮೂಗನ್ನು ಬರಿಗೈಯಲ್ಲಿ ಒರೆಸಿದ.
ಅದೇ ಕೈಯಿಂದ ನಮಗೆ ಖರ್ಜೂರ ಕೊಟ್ಟ.

ಪ್ರಬಂಧದ ಎರಡನೇ ಕೋಷ್ಟಕದಲ್ಲಿ ಅವನಿದ್ದಾನೆ:
ದಾನಿ ಇಪ್ಪತ್ತೇಳು, ಪುರುಷ, ನಲವತ್ತೊಂದು, ಲಕ್ಷಣಗಳಿಲ್ಲ.
ಕೊನೆಯದನ್ನು ತಿದ್ದೋಣವೇ ಎಂದು ಡಾಕ್ಟರ್ ಥುರಯ್ಯಾರನ್ನು ಕೇಳಿದೆ.
ಆಮೇಲೆ ನೆನಪಾದದ್ದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂದರು.
ಸರಿಯೇ ಅದು. ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ.

ಖರ್ಜೂರ ನನ್ನ ಮೇಜಿನ ಖಾನೆಯಲ್ಲಿದೆ,
ಕೈಗವಸಿನೊಳಗೆ ಗಂಟು ಕಟ್ಟಿ.
ತಿಂದಿಲ್ಲ.
ಎಸೆಯಲೆಂದು ಎರಡು ಸಲ ತೆಗೆದಿದ್ದೆ.